ಸಾಮರ್ಥ್ಯದ ಅಂಕಿ, ಯೂನಿಟ್ಟಿನ ಲೆಕ್ಕ: ನವೀಕರಿಸಬಹುದಾದ ಇಂಧನದ ಹೇಳಿಕೆಗಳನ್ನು ಕುರಿತು

ಭಾರತದ ವಿದ್ಯುತ್ ಸ್ಥಾವರಗಳ ಒಟ್ಟು ಸ್ಥಾಪಿತ ಸಾಮರ್ಥ್ಯ 2025ರ ಜೂನ್ ಅಂತ್ಯಕ್ಕೆ ಸುಮಾರು 4,84,800 ಮೆಗಾವ್ಯಾಟ್ ತಲುಪಿತೆಂದೂ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಕಲ್ಲಿದ್ದಲು, ಅನಿಲ, ತೈಲಗಳನ್ನು ಅವಲಂಬಿಸದ ಮೂಲಗಳದೆಂದೂ ಕೇಂದ್ರ ಸರ್ಕಾರವು ಮರುತಿಂಗಳು ಪ್ರಕಟಿಸಿತು. ಪ್ಯಾರಿಸ್ ಒಪ್ಪಂದದ ಅನ್ವಯ 2030ಕ್ಕೆ ಸಾಧಿಸಬೇಕಾಗಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ಅದೇ ಕಾಲಾವಧಿಯಲ್ಲಿ ದೇಶವು ವಾಸ್ತವವಾಗಿ ಉತ್ಪಾದಿಸಿದ ವಿದ್ಯುತ್ತಿನ ಪ್ರತಿ ನಾಲ್ಕು ಯೂನಿಟ್‌ಗಳಲ್ಲಿ ಹೆಚ್ಚುಕಡಿಮೆ ಮೂರು ಯೂನಿಟ್‌ಗಳು ಕಲ್ಲಿದ್ದಲು ಮೊದಲಾದ ಪಳೆಯುಳಿಕೆ ಇಂಧನಗಳಿಂದಲೇ ಬಂದವು. ಎರಡು ಹೇಳಿಕೆಗಳೂ ನಿಜ. ಮೊದಲನೆಯದನ್ನು ಮಾತ್ರ ಓದಿದವರು ಕಲ್ಲಿದ್ದಲಿನ ಯುಗ ಅರ್ಧ ಮುಗಿಯಿತೆಂದು ಭಾವಿಸುತ್ತಾರೆ. ಎರಡನೆಯದನ್ನು ಮಾತ್ರ ಓದಿದವರು ಈವರೆಗೆ ನಡೆದುದೆಲ್ಲ ಬರಿಯ ಪ್ರಚಾರವೆಂದು ಭಾವಿಸುತ್ತಾರೆ. ಈ ಎರಡು ಭಾವನೆಗಳ ನಡುವಣ ಅಂತರವನ್ನು, ಮುಖ್ಯವಾಗಿ ಕರ್ನಾಟಕದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಬಗೆಯ ಸಂದೇಹ

ವಾಯುಗುಣ ಬದಲಾವಣೆಯನ್ನು ಕುರಿತ ಸಂದೇಹ ಎಂದೊಡನೆ ಎರಡು ಬೇರೆಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಸೇರಿಕೊಳ್ಳುತ್ತವೆ. ಭೂಮಿ ಬಿಸಿಯೇರುತ್ತಿದೆಯೇ, ಅದಕ್ಕೆ ಮನುಷ್ಯ ಕಾರಣನೇ ಎಂಬುದು ಒಂದು ಪ್ರಶ್ನೆ. ಅದನ್ನು ತಡೆಯಲೆಂದು ಕೈಗೊಂಡ ನೀತಿಗಳೂ ಯೋಜನೆಗಳೂ ತಾವು ಹೇಳಿಕೊಂಡದ್ದನ್ನು ಸಾಧಿಸಿವೆಯೇ ಎಂಬುದು ಇನ್ನೊಂದು. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರಿಕೊಳ್ಳುತ್ತದೆಂಬುದನ್ನು ಟಿಂಡಲ್ 1860ರ ಸುಮಾರಿಗೇ ಪ್ರಯೋಗದಿಂದ ತೋರಿಸಿದ್ದನು. ವಾತಾವರಣದಲ್ಲಿ ಅದರ ಪ್ರಮಾಣ ಹೆಚ್ಚಿದರೆ ತಾಪ ಎಷ್ಟು ಏರಬಹುದೆಂಬುದನ್ನು ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದ್ದನು. ಹವಾಯಿಯ ಮೌನಾ ಲೋವಾದಲ್ಲಿ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಹತ್ತು ಲಕ್ಷ ಭಾಗಗಳಲ್ಲಿ 315ರಷ್ಟಿದ್ದ ಈ ಅನಿಲ ಇಂದು 420ನ್ನು ಮೀರಿದೆ. ಈ ವಿಷಯದಲ್ಲಿ ಸಂದೇಹಕ್ಕೆ ಉಳಿದಿರುವ ಎಡೆ ಬಹಳ ಕಿರಿದು.

ನಮ್ಮ ದೇಶದಲ್ಲಿ ನಡೆದ ಒಂದು ವಿವಾದವನ್ನು ಇಲ್ಲಿ ನೆನೆಯಬಹುದು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದೆಂಬ ವಾಕ್ಯವೊಂದು ಅಂತರಸರ್ಕಾರಿ ಸಮಿತಿಯ 2007ರ ವರದಿಯಲ್ಲಿ ಸೇರಿಕೊಂಡಿತ್ತು. ಭೂವಿಜ್ಞಾನಿ ವಿ.ಕೆ. ರೈನಾ ಅವರು 2009ರಲ್ಲಿ ಪರಿಸರ ಸಚಿವಾಲಯಕ್ಕಾಗಿ ಸಿದ್ಧಪಡಿಸಿದ ಪ್ರಬಂಧದಲ್ಲಿ ಹಿಮನದಿಗಳು ಅಸಹಜ ವೇಗದಲ್ಲಿ ಕರಗುತ್ತಿರುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ವಾದಿಸಿದರು. ಸಮಿತಿಯ ಮುಖ್ಯಸ್ಥರು ಈ ಪ್ರಬಂಧವನ್ನು ತೀಕ್ಷ್ಣವಾಗಿ ಟೀಕಿಸಿದರು. 2010ರ ಜನವರಿಯಲ್ಲಿ ಸಮಿತಿಯೇ 2035ರ ವಾಕ್ಯಕ್ಕೆ ಸರಿಯಾದ ಆಧಾರವಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಆ ಒಂದು ವರ್ಷದ ಅಂಕಿಯ ವಿಷಯದಲ್ಲಿ ಸಂದೇಹಪಟ್ಟವರೇ ಸರಿಯಾಗಿದ್ದರು. ಆದರೆ ಉಪಗ್ರಹ ಚಿತ್ರಗಳನ್ನು ಆಧರಿಸಿದ ಮುಂದಿನ ಅಧ್ಯಯನಗಳು, 2000ದ ಅನಂತರ ಹಿಮಾಲಯದ ಹಿಮನಷ್ಟ ಹಿಂದಿನ ದಶಕಗಳಿಗಿಂತ ಬಹುಮಟ್ಟಿಗೆ ಹೆಚ್ಚಿರುವುದನ್ನು ತೋರಿಸಿವೆ. ಅಂಕಿಯೊಂದು ಬಿದ್ದುಹೋದ ಮಾತ್ರಕ್ಕೆ ವಿದ್ಯಮಾನವೇ ಇಲ್ಲವಾಗುವುದಿಲ್ಲ.

ಎರಡನೆಯ ಬಗೆಯ ಸಂದೇಹಕ್ಕೆ ಕರ್ನಾಟಕದಲ್ಲಿಯೇ ಒಂದು ಗೌರವಾನ್ವಿತ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಪ್ರೊ. ಅಮೂಲ್ಯ ರೆಡ್ಡಿ ಅವರು ಈ ಪರಂಪರೆಯ ಮುಖ್ಯ ಪ್ರತಿನಿಧಿ. ಹೊಗೆಯನ್ನು ಹೊರಗಟ್ಟುವ ಅಸ್ತ್ರ ಒಲೆಯ ಮೂಲಕ ಈ ಕೇಂದ್ರದ ಹೆಸರು ಹಳ್ಳಿಗಳಿಗೂ ತಲುಪಿತು. ರಾಜ್ಯದ ವಿದ್ಯುತ್ ಯೋಜನೆಗಳಿಗಾಗಿ 1987ರಲ್ಲಿ ಸಿದ್ಧವಾದ ದೀರ್ಘಾವಧಿ ಯೋಜನೆಯು, 2000ದ ಹೊತ್ತಿಗೆ ಕರ್ನಾಟಕಕ್ಕೆ ವರ್ಷಕ್ಕೆ 4,750 ಕೋಟಿ ಯೂನಿಟ್ ವಿದ್ಯುತ್ತೂ 9,400 ಮೆಗಾವ್ಯಾಟ್ ಸಾಮರ್ಥ್ಯವೂ ಬೇಕಾಗುತ್ತವೆಂದು ಅಂದಾಜು ಮಾಡಿತ್ತು. ರೆಡ್ಡಿ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಜನರಿಗೆ ಬೇಕಾದುದು ವಿದ್ಯುತ್ತೇ, ಅಥವಾ ಬೆಳಕು, ನೀರು, ಅಡುಗೆಯ ಶಾಖ ಮೊದಲಾದ ಸೇವೆಗಳೇ ಎಂದು ಕೇಳಿ, ದಕ್ಷ ಉಪಕರಣಗಳನ್ನೂ ವಿಕೇಂದ್ರಿತ ಮೂಲಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, 1,790 ಕೋಟಿ ಯೂನಿಟ್ ಮತ್ತು 4,000 ಮೆಗಾವ್ಯಾಟ್‌ಗಳಲ್ಲಿ ಅದೇ ಸೇವೆಗಳನ್ನು ಒದಗಿಸಬಹುದೆಂದು ತೋರಿಸಿದರು. ಈ ಪರ್ಯಾಯ ಯೋಜನೆಯನ್ನು ಸರ್ಕಾರ ಅಂಗೀಕರಿಸಲಿಲ್ಲ. ಆದರೆ ಅಧಿಕೃತ ಅಂದಾಜನ್ನು ಪ್ರಶ್ನಿಸುವ ವಿಧಾನವೊಂದು ಅಲ್ಲಿ ರೂಪುಗೊಂಡಿತು.

ರೆಡ್ಡಿಯವರು ತಮ್ಮ ಪ್ರಿಯ ಯೋಜನೆಗಳನ್ನೂ ಇದೇ ಕಣ್ಣಿನಿಂದ ನೋಡಿದರೆಂಬುದು ವಿಶೇಷ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಸ್ತ್ರ ಕೇಂದ್ರವು ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ನಿರ್ಮಿಸಿತ್ತು. ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದು ಅದರ ಮೊದಲ ಉದ್ದೇಶ. ಊರಿನ ದನಗಳ ಸಗಣಿಯಿಂದ ಬರುವ ಅನಿಲ ಎಲ್ಲರ ಅಡುಗೆಗೆ ಸಾಲದೆ ಆ ಪ್ರಯತ್ನ ವಿಫಲವಾಯಿತು. ಅನಂತರ ಗ್ರಾಮಸ್ಥರನ್ನೇ ವಿಚಾರಿಸಿದಾಗ ಅವರ ಮೊದಲ ಆಯ್ಕೆ ಕುಡಿಯುವ ನೀರಾಗಿತ್ತು. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ನೀರೆತ್ತಿ, ಮನೆಗಳಿಗೆ ದೀಪ ಕೊಡಲಾಯಿತು. ಸಗಣಿ ತಂದವರಿಗೆ ಹಣ, ಜೊತೆಗೆ ಗೊಬ್ಬರವಾಗಿ ಬಗ್ಗಡ. ಈ ವ್ಯವಸ್ಥೆ ಸುಮಾರು ಒಂದು ದಶಕ ನಡೆಯಿತು. ಅದರ ಗೆಲುವು, ಸೋಲು ಎರಡನ್ನೂ ರೆಡ್ಡಿಯವರು 2004ರಲ್ಲಿ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ನವೀಕರಿಸಬಹುದಾದ ಇಂಧನದ ಯೋಜನೆಗಳನ್ನು ರೂಪಿಸಿದವರೇ ಅವುಗಳ ಸೋಲಿನ ವರದಿಯನ್ನು ಬರೆದ ನಿದರ್ಶನಗಳು ನಮ್ಮಲ್ಲಿ ವಿರಳ.

ಮೆಗಾವ್ಯಾಟ್ ಹೇಳುವುದು ಏನನ್ನು?

ಮೆಗಾವ್ಯಾಟ್ ಎಂಬುದು ಯಂತ್ರವೊಂದು ಪೂರ್ಣ ಪ್ರಮಾಣದಲ್ಲಿ ದುಡಿದಾಗ ಕೊಡಬಲ್ಲ ಶಕ್ತಿಯ ದರ. ಅದು ವರ್ಷವಿಡೀ ಎಷ್ಟು ದುಡಿಯಿತೆಂಬುದನ್ನು ಯೂನಿಟ್ ಹೇಳುತ್ತದೆ. ಕೆರೆಯ ತೂಬಿನ ಅಗಲವನ್ನು ಅಳೆದು ಅಚ್ಚುಕಟ್ಟಿನ ವಿಸ್ತಾರವನ್ನು ಹೇಳಲು ಹೇಗೆ ಬಾರದೋ, ಸ್ಥಾಪಿತ ಸಾಮರ್ಥ್ಯವನ್ನು ನೋಡಿ ಉತ್ಪಾದನೆಯನ್ನು ಹೇಳಲು ಹಾಗೆಯೇ ಬಾರದು. ಸೌರಫಲಕಕ್ಕೆ ರಾತ್ರಿಯಿದೆ, ಮೋಡವಿದೆ. ಗಾಳಿಯಂತ್ರಕ್ಕೆ ಗಾಳಿಯಿಲ್ಲದ ತಿಂಗಳುಗಳಿವೆ. ಭಾರತದಲ್ಲಿ ಸೌರಸ್ಥಾವರಗಳು ತಮ್ಮ ಸಾಮರ್ಥ್ಯದ ಶೇ. 20ರ ಆಸುಪಾಸಿನಲ್ಲಿಯೂ ಗಾಳಿಯಂತ್ರಗಳು ಅದರಷ್ಟೇ ಅಥವಾ ತುಸು ಹೆಚ್ಚಿನ ಪ್ರಮಾಣದಲ್ಲಿಯೂ ದುಡಿಯುತ್ತವೆ.

ಕರ್ನಾಟಕದ ಮೂರು ಸ್ಥಾವರಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಶೇ. 20ರ ಲೆಕ್ಕದಲ್ಲಿ ಅದು ವರ್ಷಕ್ಕೆ ಕೊಡುವುದು ಸುಮಾರು 360 ಕೋಟಿ ಯೂನಿಟ್. ಅದರ ಅರ್ಧದಷ್ಟು, ಅಂದರೆ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಮಳೆ ಚೆನ್ನಾಗಿ ಆದ ವರ್ಷ ಸುಮಾರು 500 ಕೋಟಿ ಯೂನಿಟ್ ಕೊಡುತ್ತದೆ. 1,720 ಮೆಗಾವ್ಯಾಟ್‌ಗಳ ರಾಯಚೂರು ಶಾಖೋತ್ಪನ್ನ ಕೇಂದ್ರವನ್ನು ಶೇ. 60ರ ಪ್ರಮಾಣದಲ್ಲಿ ನಡೆಸಿದರೆ 900 ಕೋಟಿ ಯೂನಿಟ್ ದೊರೆಯುತ್ತದೆ. ಸಾಮರ್ಥ್ಯದ ಪಟ್ಟಿಯಲ್ಲಿ ಮೊದಲನೆಯದಾದ ಪಾವಗಡ ಯೂನಿಟ್ಟಿನ ಪಟ್ಟಿಯಲ್ಲಿ ಕೊನೆಯದಾಗುತ್ತದೆ. ಇದು ಪಾವಗಡದ ದೋಷವೇನಲ್ಲ. ಸೂರ್ಯನ ದಿನಚರಿಯನ್ನು ಬಲ್ಲ ಎಂಜಿನಿಯರುಗಳು ಮೊದಲೇ ಅರಿತಿದ್ದ ಸಂಗತಿ. ದೋಷವಿರುವುದು, ಮೆಗಾವ್ಯಾಟ್‌ಗಳನ್ನು ಮಾತ್ರ ಕೂಡಿಸಿ ಗುರಿಯನ್ನೂ ಸಾಧನೆಯನ್ನೂ ಘೋಷಿಸುವ ಕ್ರಮದಲ್ಲಿ.

ನೀತಿಯೇ ಮೆಗಾವ್ಯಾಟ್‌ಗೆ ಬಹುಮಾನ ಕೊಟ್ಟಾಗ ಏನಾಗುತ್ತದೆಂಬುದಕ್ಕೆ ಪವನ ವಿದ್ಯುತ್ತಿನ ಚರಿತ್ರೆ ಸಾಕ್ಷಿ. ಗಾಳಿಯಂತ್ರದ ಬೆಲೆಯ ದೊಡ್ಡ ಭಾಗವನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ 1990ರ ದಶಕದಲ್ಲಿ ಶೇ. 100ರಷ್ಟಿತ್ತು, ಅನಂತರ ಬಹುಕಾಲ ಶೇ. 80ರಷ್ಟು ಉಳಿಯಿತು. ತೆರಿಗೆ ದರ ಶೇ. 30 ಎಂದು ಹಿಡಿದರೂ, ನೂರು ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷದಲ್ಲಿಯೇ 24 ರೂಪಾಯಿ ತೆರಿಗೆಯಲ್ಲಿ ಉಳಿಯುತ್ತಿತ್ತು. ಯಂತ್ರ ತಿರುಗಿತೇ ಇಲ್ಲವೇ ಎಂಬುದಕ್ಕೂ ಈ ಲಾಭಕ್ಕೂ ಸಂಬಂಧವಿರಲಿಲ್ಲ. ಕಪ್ಪತಗುಡ್ಡ, ಜೋಗಿಮಟ್ಟಿಯ ಸಾಲುಗಳಲ್ಲಿ ಎದ್ದು ನಿಂತ ಯಂತ್ರಗಳ ಒಡೆಯರು ಹಲವರು ವಿದ್ಯುತ್ ವ್ಯಾಪಾರಕ್ಕೆ ಹೊರತಾದ ಉದ್ದಿಮೆಗಳವರೆಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ ಕೊಡುವ ಬೇರೊಂದು ಪದ್ಧತಿ 2009ರ ಕೊನೆಯಲ್ಲಿ ಬಂದಿತು. 2012ರಲ್ಲಿ ಎರಡು ಸೌಲಭ್ಯಗಳೂ ನಿಂತಾಗ, ಹಿಂದಿನ ವರ್ಷ 3,200 ಮೆಗಾವ್ಯಾಟ್‌ಗಳಷ್ಟು ಹೊಸದಾಗಿ ಸೇರಿದ್ದ ಪವನ ಸಾಮರ್ಥ್ಯ 2012-13ರಲ್ಲಿ ಸುಮಾರು 1,700ಕ್ಕೆ ಕುಸಿಯಿತು. ಆ ವರ್ಷ ಗಾಳಿಯೇನೂ ಬೀಸುವುದನ್ನು ನಿಲ್ಲಿಸಿರಲಿಲ್ಲ. ಮುಂದೆ ಎರಡೂ ಸೌಲಭ್ಯಗಳು ಮರಳಿ ಬಂದವು. 2017ರಲ್ಲಿ ಒಂದು ಮುಗಿದು, ಇನ್ನೊಂದು ಶೇ. 40ಕ್ಕೆ ಇಳಿಯಿತು.

ಹೆಸರು ಬದಲಿಸುವ ಗಣಿತ

ಸಾಧನೆಯನ್ನು ಹೆಚ್ಚಿಸುವ ಇನ್ನೊಂದು ದಾರಿ ವರ್ಗೀಕರಣ. ನಮ್ಮ ದೇಶದಲ್ಲಿ 25 ಮೆಗಾವ್ಯಾಟ್‌ವರೆಗಿನ ಜಲವಿದ್ಯುತ್ ಯೋಜನೆಗಳನ್ನು ಮಾತ್ರ ನವೀಕರಿಸಬಹುದಾದ ಇಂಧನವೆಂದು ಬಹುಕಾಲ ಪರಿಗಣಿಸಲಾಗುತ್ತಿತ್ತು. ದೊಡ್ಡ ಅಣೆಕಟ್ಟುಗಳು ಉಂಟುಮಾಡುವ ಮುಳುಗಡೆ, ಅರಣ್ಯನಾಶಗಳನ್ನು ನೆನೆದರೆ ಈ ಗಡಿಗೆ ಅರ್ಥವಿತ್ತು. 2019ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟವು ದೊಡ್ಡ ಜಲವಿದ್ಯುತ್ ಯೋಜನೆಗಳಿಗೂ ಅದೇ ಮಾನ್ಯತೆ ನೀಡಿತು. 2022ರ ಕೊನೆಗೆ 1,75,000 ಮೆಗಾವ್ಯಾಟ್ ಸಾಧಿಸುವ ಗುರಿಯನ್ನು 2015ರಲ್ಲಿ ಘೋಷಿಸಲಾಗಿತ್ತು. ಆ ಗುರಿಯಲ್ಲಿ ದೊಡ್ಡ ಅಣೆಕಟ್ಟುಗಳು ಸೇರಿರಲಿಲ್ಲ. ಅವಧಿ ಮುಗಿದಾಗ ಮೂಲ ವ್ಯಾಖ್ಯೆಯಂತೆ ಆಗಿದ್ದುದು ಸುಮಾರು 1,21,000. ದೊಡ್ಡ ಜಲವಿದ್ಯುತ್ತನ್ನು ಸೇರಿಸಿ ಹೇಳಿದಾಗ ಸುಮಾರು 1,67,700. ಗುರಿಗೆ ಮೂರರಲ್ಲಿ ಒಂದು ಪಾಲು ಕಡಿಮೆಯಿದ್ದ ಸಾಧನೆ, ಹೊಸದಾಗಿ ಒಂದು ಯೂನಿಟ್ಟೂ ಉತ್ಪಾದನೆಯಾಗದೆ, ಗುರಿಯ ಸಮೀಪಕ್ಕೆ ಬಂದಂತೆ ಕಂಡಿತು. ಲಿಂಗನಮಕ್ಕಿಯ ನೀರು 1964ರಿಂದಲೂ ಅಲ್ಲಿಯೇ ಇತ್ತು.

ಇದೇ 25 ಮೆಗಾವ್ಯಾಟ್‌ಗಳ ಗಡಿ ಪಶ್ಚಿಮಘಟ್ಟದಲ್ಲಿ ಬೇರೊಂದು ಪರಿಣಾಮವನ್ನು ಬೀರಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಈ ಮಿತಿಗಿಂತ ಕೆಳಗಿನ ಜಲವಿದ್ಯುತ್ ಯೋಜನೆಗಳಿಗೆ ಪೂರ್ವಾನುಮತಿ ಬೇಕಿಲ್ಲ. ಯೋಜನೆಗಳು 24 ಚಿಲ್ಲರೆ ಮೆಗಾವ್ಯಾಟ್‌ಗಳಿಗೆ ನಿಲ್ಲುವುದು ಜಲವಿಜ್ಞಾನದ ಕಾರಣದಿಂದಲ್ಲವೆಂದು ಊಹಿಸಲು ಹೆಚ್ಚು ಪಾಂಡಿತ್ಯ ಬೇಕಾಗಿಲ್ಲ. ‘ಕಿರು’ ಎಂಬ ವಿಶೇಷಣ ಇಲ್ಲಿ ಯಂತ್ರಕ್ಕೆ ಸಲ್ಲುತ್ತದೆ, ನದಿಗೆ ಆಗುವ ಹಾನಿಗಲ್ಲ. ನೀರನ್ನು ಒಡ್ಡಿನಿಂದ ತಿರುಗಿಸಿ ಕೊಳವೆಯಲ್ಲಿ ಒಯ್ಯುವಾಗ, ಒಡ್ಡಿಗೂ ವಿದ್ಯುದಾಗಾರಕ್ಕೂ ನಡುವಣ ಹೊಳೆ ಬೇಸಗೆಯಲ್ಲಿ ಬತ್ತಿಹೋಗುತ್ತದೆ. ಸುಮನ್ ಜುಮಾನಿ ಮತ್ತು ಅವರ ಸಹಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಪಶ್ಚಿಮಘಟ್ಟದ ಇಂತಹ ಯೋಜನೆಗಳು ಹರಿವನ್ನು ಬದಲಿಸಿ ಮತ್ಸ್ಯಸಂಕುಲದ ರಚನೆಯನ್ನೇ ಮಾರ್ಪಡಿಸಿರುವುದನ್ನು ತೋರಿಸಿದೆ.

ಬಂಜರು ಎಂಬ ಮಾತು

ನವೀಕರಿಸಬಹುದಾದ ಇಂಧನದ ದೊಡ್ಡ ಯೋಜನೆಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ‘ಬಂಜರು’, ‘ಪಾಳುಭೂಮಿ’ ಎಂಬ ಮಾತುಗಳನ್ನು ಆಶ್ರಯಿಸುತ್ತವೆ. ಕಂದಾಯ ದಾಖಲೆಯಲ್ಲಿ ಬಂಜರಾದುದು ಊರಿನವರ ಬಾಯಲ್ಲಿ ಗೋಮಾಳ, ಕಾವಲು, ಸೊಪ್ಪಿನಬೆಟ್ಟ. ಈ ಭಾಷಾಂತರದ ಪರಿಣಾಮವನ್ನು ಕರ್ನಾಟಕವು 1980ರ ದಶಕದಲ್ಲಿಯೇ ಕಂಡಿತ್ತು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ 1984ರಲ್ಲಿ ಕೊಡಲಾಯಿತು. 1987ರಲ್ಲಿ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು.

ಅದಾದ ಹನ್ನೆರಡು ವರ್ಷಗಳಿಗೆ ಅದೇ ಮಾತು ಜೈವಿಕ ಇಂಧನದ ಹೆಸರಿನಲ್ಲಿ ಮರಳಿ ಬಂದಿತು. ಯೋಜನಾ ಆಯೋಗದ ಸಮಿತಿಯ 2003ರ ವರದಿಯು ಜಟ್ರೋಫಾ ಅಥವಾ ಕಾಡುಹರಳಿನ ಎಣ್ಣೆಯಿಂದ 2011-12ರ ಹೊತ್ತಿಗೆ ದೇಶದ ಡೀಸೆಲ್ಲಿನ ಶೇ. 20ರಷ್ಟನ್ನು ತುಂಬಬಹುದೆಂದು ಹೇಳಿತು. ಲೆಕ್ಕ ಸರಳವಾಗಿತ್ತು. ಹೆಕ್ಟೇರಿಗೆ 2,500 ಗಿಡ, ಗಿಡಕ್ಕೆ ಒಂದೂವರೆ ಕಿಲೋ ಬೀಜ, ಹೀಗೆ ಹೆಕ್ಟೇರಿಗೆ ಸುಮಾರು 1.2 ಟನ್ ಎಣ್ಣೆ. ಬೇಕಾದ ಭೂಮಿ 112 ಲಕ್ಷ ಹೆಕ್ಟೇರ್. ಇದು ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣದ ಅರ್ಧಕ್ಕಿಂತ ಹೆಚ್ಚು. ಅಷ್ಟು ಬಂಜರು ದೇಶದಲ್ಲಿದೆಯೆಂದು ವರದಿ ಭರವಸೆ ಕೊಟ್ಟಿತು. ಆದರೆ ನೀರು, ಗೊಬ್ಬರಗಳಿಲ್ಲದೆ ಬದುಕಬಲ್ಲ ಗಿಡವೆಲ್ಲ ನೀರು, ಗೊಬ್ಬರಗಳಿಲ್ಲದೆ ಫಲ ಕೊಡಬಲ್ಲುದೆಂಬ ಅರ್ಥವಿಲ್ಲ. ಒಣಭೂಮಿಯಲ್ಲಿ ಇಳುವರಿ ನಿರೀಕ್ಷೆಗಿಂತ ಬಹಳ ಕೆಳಗೆ ಉಳಿಯಿತು. 2009ರ ರಾಷ್ಟ್ರೀಯ ನೀತಿಯು ಶೇ. 20ರ ಗುರಿಯನ್ನು 2017ಕ್ಕೆ ಮುಂದೂಡಿತು. 2018ರ ನೀತಿಯು 2030ಕ್ಕೆ ಶೇ. 5 ಸಾಕೆಂದಿತು. ಡೀಸೆಲ್ಲಿಗೆ ನಿಜವಾಗಿ ಬೆರೆತ ಜೈವಿಕ ಡೀಸೆಲ್ ಶೇ. 1ನ್ನೂ ಮುಟ್ಟಲಿಲ್ಲ.

ಕರ್ನಾಟಕದ ಹೊಂಗೆಯ ಕಥೆ ಇದಕ್ಕಿಂತ ಭಿನ್ನವಾಗಿ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಡೀಸೆಲ್ ಎಂಜಿನ್‌ಗಳನ್ನು ಹೊಂಗೆಯೆಣ್ಣೆಯಿಂದ ನಡೆಸಿ ತೋರಿಸಿದರು. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ನಾಡಿಗೆ ಅದು ಹೊಸ ಮರವಲ್ಲ. ಎಣ್ಣೆ ದೀಪಕ್ಕೆ, ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ ಸಲ್ಲುತ್ತಿತ್ತು. ಬದುವಿನ ಮೇಲೆ, ಹಿತ್ತಿಲಲ್ಲಿ ಈಗಾಗಲೇ ಇರುವ ಮರಗಳ ಬೀಜದಿಂದ ಊರಿನ ಪಂಪನ್ನೋ ದೀಪವನ್ನೋ ನಡೆಸುವುದು ಸಾಧ್ಯವಿರುವ ಮಾತು. ರಾಜ್ಯವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ರೂಪಿಸಿತು; ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಿದೆ; ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಹೆಸರುಗಳಲ್ಲಿ ಸಸಿಗಳ ನಾಟಿ ನಡೆಯಿತು. ನೆಟ್ಟ ಸಸಿಗಳನ್ನು ಎಣಿಸುವುದು ಸುಲಭ. ಹೊಂಗೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಬೀಜ ಆರಿಸುವ ಕೂಲಿ ಬೀಜದ ಬೆಲೆಗಿಂತ ಹೆಚ್ಚಾದರೆ ಅದು ಮರದಡಿಯಲ್ಲಿಯೇ ಉಳಿಯುತ್ತದೆ. ಊರಿನ ಅಳತೆಯಲ್ಲಿ ನಿಜವಾಗಿದ್ದುದನ್ನು ರಾಷ್ಟ್ರದ ಅಳತೆಗೆ ಹಿಗ್ಗಿಸಿದುದೇ ಇಲ್ಲಿ ನಡೆದ ಪ್ರಮಾದವೆಂದು ನನಗೆ ತೋರುತ್ತದೆ.

ಇಂಗಾಲದ ವ್ಯಾಪಾರ

ಕ್ಯೋಟೋ ಒಪ್ಪಂದವು 2005ರಲ್ಲಿ ಜಾರಿಗೆ ಬಂದ ಮೇಲೆ, ಬಡ ದೇಶಗಳಲ್ಲಿ ಅನಿಲ ತಗ್ಗಿಸಿದ ಯೋಜನೆಗಳಿಂದ ಶ್ರೀಮಂತ ದೇಶಗಳು ಪ್ರಮಾಣಪತ್ರ ಕೊಳ್ಳುವ ವ್ಯವಸ್ಥೆ ಬೆಳೆಯಿತು. ಭಾರತ, ಚೀನಗಳು ಇದರಲ್ಲಿ ಮುಂದಿದ್ದವು. ಆ ಪ್ರಮಾಣಪತ್ರಕ್ಕೆ ಬೆಲೆ ಬರಬೇಕಾದರೆ, ಅದರ ಹಣ ಇಲ್ಲದಿದ್ದರೆ ಯೋಜನೆಯೇ ಆಗುತ್ತಿರಲಿಲ್ಲವೆಂದು ತೋರಿಸಬೇಕು. ಈಗಾಗಲೇ ಲಾಭಕ್ಕೆ ನಡೆಯಲಿದ್ದ ಯೋಜನೆಗೆ ಕೊಟ್ಟ ಪ್ರಮಾಣಪತ್ರ ವಾತಾವರಣದ ಲೆಕ್ಕದಲ್ಲಿ ಉಪಕಾರಕ್ಕೆ ಬದಲಾಗಿ ಅಪಕಾರ ಮಾಡುತ್ತದೆ. ಏಕೆಂದರೆ ಅದನ್ನು ಕೊಂಡವನು ಅಷ್ಟು ಹೊಗೆಯನ್ನು ಹೊರಬಿಡುವ ಹಕ್ಕು ಪಡೆಯುತ್ತಾನೆ. ಶೀತಕ ಅನಿಲದ ಕಾರ್ಖಾನೆಗಳಲ್ಲಿ ಉಪವಸ್ತುವಾಗಿ ಬರುವ ಎಚ್‌ಎಫ್‌ಸಿ-23ರ ಒಂದು ಟನ್ನನ್ನು ಸುಟ್ಟರೆ 11,700 ಪ್ರಮಾಣಪತ್ರಗಳು ದೊರೆಯುತ್ತಿದ್ದವು. ಮುಖ್ಯ ಸರಕಿಗಿಂತ ತ್ಯಾಜ್ಯವೇ ಲಾಭದಾಯಕವಾಗುವ ಸ್ಥಿತಿ ಒದಗಿ, 2013ರಲ್ಲಿ ಯುರೋಪಿನ ಒಕ್ಕೂಟವು ಇಂತಹ ಪತ್ರಗಳನ್ನು ನಿಷೇಧಿಸಿತು. ಯುರೋಪಿನ ಆಯೋಗಕ್ಕಾಗಿ ಜರ್ಮನಿಯ ಓಕೋ ಸಂಸ್ಥೆ 2016ರಲ್ಲಿ ಮಾಡಿದ ಅಧ್ಯಯನವು, ಪರಿಶೀಲಿಸಿದ ಯೋಜನೆಗಳಲ್ಲಿ ಶೇ. 85ರಷ್ಟು ನಿಜವಾಗಿ ಹೆಚ್ಚುವರಿ ಇಳಿತಾಯ ತಂದಿರುವ ಸಂಭವ ಕಡಿಮೆಯೆಂದಿತು. ರಾಫೇಲ್ ಕಲೆಲ್ ಮೊದಲಾದ ಅರ್ಥಶಾಸ್ತ್ರಜ್ಞರು ಭಾರತದ ಪವನ ವಿದ್ಯುತ್ ಯೋಜನೆಗಳನ್ನೇ ಆಯ್ದುಕೊಂಡು 2021ರಲ್ಲಿ ಮಂಡಿಸಿದ ಪ್ರಬಂಧದಂತೆ, ಕನಿಷ್ಠ ಶೇ. 52ರಷ್ಟು ಪ್ರಮಾಣಪತ್ರಗಳು ಹೇಗೂ ನಿರ್ಮಾಣವಾಗುತ್ತಿದ್ದ ಯೋಜನೆಗಳ ಪಾಲಾಗಿದ್ದವು.

ಸಂದೇಹಪಟ್ಟವರ ಲೆಕ್ಕವನ್ನೂ ಇಲ್ಲಿ ತೆಗೆದು ನೋಡಬೇಕು. 2010ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹರಾಜಿನಲ್ಲಿ ಯೂನಿಟ್ಟಿನ ದರ 10.95 ರೂಪಾಯಿಯಿಂದ 12.76 ರೂಪಾಯಿವರೆಗೆ ಇತ್ತು. ಸೌರವಿದ್ಯುತ್ ಸಹಾಯಧನವಿಲ್ಲದೆ ಎಂದೂ ನಿಲ್ಲಲಾರದೆಂದು ಆಗ ಹೇಳಿದವರು ಹಲವರು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಅದು 2.44 ರೂಪಾಯಿಗೆ ಇಳಿಯಿತು. ಹೊಸ ಕಲ್ಲಿದ್ದಲು ಸ್ಥಾವರದ ವಿದ್ಯುತ್ ಈ ದರಕ್ಕೆ ಸಿಗುವುದಿಲ್ಲ. ಜಟ್ರೋಫಾ ವಿಷಯದಲ್ಲಿ ಸರಿಯಾದ ಅದೇ ಸಂದೇಹ ಸೌರಫಲಕದ ವಿಷಯದಲ್ಲಿ ಪೂರ್ತಿ ತಪ್ಪಿತು. ಗಿಡದ ಇಳುವರಿಗೆ ಮಣ್ಣು, ಮಳೆಗಳ ಮಿತಿಯಿದೆ. ಕಾರ್ಖಾನೆಯಲ್ಲಿ ತಯಾರಾಗುವ ಫಲಕವು ಉತ್ಪಾದನೆ ಹೆಚ್ಚಿದಂತೆ ಅಗ್ಗವಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಎಲ್ಲ ಹೊಸ ಇಂಧನಗಳನ್ನೂ ಒಂದೇ ಬುಟ್ಟಿಗೆ ಹಾಕಿದ ಟೀಕೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೊಗಳಿದ ಪ್ರಚಾರದಷ್ಟೇ ದುರ್ಬಲ.

ಪಾವಗಡದಿಂದ ಶರಾವತಿಗೆ

ಪಾವಗಡದ ಉದ್ಯಾನವು ಭೂಮಿಯ ವಿಷಯದಲ್ಲಿ ಹಿಂದಿನ ಯೋಜನೆಗಳಿಗಿಂತ ಉತ್ತಮ ದಾರಿ ಹಿಡಿದುದನ್ನು ಒಪ್ಪಬೇಕು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವುದನ್ನೇ ಕಂಡಿದ್ದ, ಕೊಳವೆಬಾವಿಯಲ್ಲಿ ಫ್ಲೋರೈಡ್ ನೀರು ಬರುವ ಸೀಮೆಯಲ್ಲಿ ಇದು ನಿಶ್ಚಿತ ಆದಾಯ. 2018ರಲ್ಲಿ ಮೊದಲ ಹಂತವೂ 2019ರ ಕೊನೆಗೆ ಪೂರ್ಣ ಸಾಮರ್ಥ್ಯವೂ ಚಾಲನೆಗೆ ಬಂದವು.

ಆದರೂ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಮೆಗಾವ್ಯಾಟ್‌ಗೆ ಇಲ್ಲಿ ಆರೂಕಾಲು ಎಕರೆಗಿಂತ ತುಸು ಹೆಚ್ಚು ಭೂಮಿ ಹಿಡಿದಿದೆ. ಅದರ ಆರಂಭದ ಗುತ್ತಿಗೆ ವರ್ಷಕ್ಕೆ ಸುಮಾರು 1,33,000 ರೂಪಾಯಿ. ಅಷ್ಟು ಭೂಮಿಯಿಂದ ಹುಟ್ಟುವ ವಿದ್ಯುತ್ ಸುಮಾರು ಹದಿನೇಳೂವರೆ ಲಕ್ಷ ಯೂನಿಟ್. ಅಂದರೆ ಯೂನಿಟ್ಟಿಗೆ ಭೂಮಿಯ ಒಡೆಯನಿಗೆ ಸಲ್ಲುವುದು ಏಳೂವರೆ ಪೈಸೆಯಷ್ಟು. ವಿದ್ಯುತ್ತನ್ನು ಯೂನಿಟ್ಟಿಗೆ ಮೂರು ರೂಪಾಯಿಗೆ ಮಾರಿದರೂ ಅದು ಶೇ. ಎರಡೂವರೆ. ಭೂಮಿಯಿಲ್ಲದ ಕೂಲಿಕಾರನಿಗೆ, ಕುರಿ ಮೇಯಿಸುವವನಿಗೆ ಗುತ್ತಿಗೆ ಹಣದಲ್ಲಿ ಅಷ್ಟೂ ಇಲ್ಲ. ಉಳುಮೆ, ಕಳೆ, ಸುಗ್ಗಿಯ ಕೆಲಸ ಹೋದುದು ಅವನ ಪಾಲಿಗೆ ಪೂರ್ತಿ ನಷ್ಟ. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಮಾತ್ರ ದೊರೆತಿವೆ. ಈ ಸಂಗತಿ ಯೋಜನೆಯ ಹೊಗೆ ಉಳಿತಾಯದ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಏಕೆಂದರೆ ಆ ಪಟ್ಟಿ ಅದನ್ನು ಕೇಳುವುದೇ ಇಲ್ಲ.

ಸೌರವಿದ್ಯುತ್ ಹೆಚ್ಚಿದಂತೆ ಹೊತ್ತಿನ ಪ್ರಶ್ನೆ ಮುಖ್ಯವಾಗುತ್ತದೆ. ಕರ್ನಾಟಕದಲ್ಲಿ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡುವ ಕ್ರಮ ಬೆಳೆದುದು ಇದರ ಒಳ್ಳೆಯ ಫಲ. ರೈತನಿಗೆ ನಡುರಾತ್ರಿ ಹಾವು, ಚೇಳುಗಳ ಭಯದಲ್ಲಿ ಮೋಟರ್ ಹಾಕುವ ಕಷ್ಟ ಅಷ್ಟರಮಟ್ಟಿಗೆ ತಪ್ಪಿತು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾವಗಡ ಮಲಗಿರುತ್ತದೆ. 2023ರ ಮುಂಗಾರು ಕೈಕೊಟ್ಟು 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಜಲಾಶಯಗಳು ತುಂಬಿರಲಿಲ್ಲ, ಪಂಪ್‌ಸೆಟ್ಟುಗಳ ಬೇಡಿಕೆ ಏರಿತ್ತು. 30,000 ಮೆಗಾವ್ಯಾಟ್ ಮೀರಿದ ಸ್ಥಾಪಿತ ಸಾಮರ್ಥ್ಯವಿದ್ದ ರಾಜ್ಯವು, ಅದರ ಅರ್ಧದಷ್ಟು ಬೇಡಿಕೆಯನ್ನು ಪೂರೈಸಲಾರದೆ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ವಿನಿಮಯದ ಆಧಾರದಲ್ಲಿ ವಿದ್ಯುತ್ ಪಡೆಯಲು ಮುಂದಾಗಬೇಕಾಯಿತು. ರೈತರ ತ್ರೀಫೇಸ್ ವಿದ್ಯುತ್ ಏಳು ಗಂಟೆಯಿಂದ ಐದಕ್ಕೆ ಇಳಿಯಿತು.

ಈ ಕೊರತೆಗೆ ಪರಿಹಾರವೆಂದು ಮುಂದೆ ಬಂದಿರುವುದು ಶರಾವತಿ ಕಣಿವೆಯ 2,000 ಮೆಗಾವ್ಯಾಟ್‌ಗಳ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಸಂಜೆ ಅದನ್ನೇ ಕೆಳಗಿಳಿಸಿ ವಿದ್ಯುತ್ ಪಡೆಯುವುದು ಇದರ ತತ್ತ್ವ. ಇದು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕಾದಿಡುತ್ತದೆ. ಇಂತಹ ಸ್ಥಾವರಗಳಲ್ಲಿ ಸಾಮಾನ್ಯವಾಗಿ ನೂರು ಯೂನಿಟ್ ಮರಳಿ ಪಡೆಯಲು 125ರಿಂದ 130 ಯೂನಿಟ್ ವ್ಯಯಿಸಬೇಕು. ಆದುದರಿಂದ ಇದನ್ನು 2,000 ಮೆಗಾವ್ಯಾಟ್‌ಗಳ ಹೊಸ ಉತ್ಪಾದನೆಯೆಂದು ಹೇಳುವುದು ಸರಿಯಲ್ಲ. ಸಂಜೆಯ ಹೊತ್ತಿಗೆ ಅದಕ್ಕಿರುವ ಬೆಲೆ ಬೇರೆ, ಆ ಬೆಲೆ ನಿಜವಾದುದೇ. ಕಾಮಗಾರಿಯ ಸ್ಥಳ ಸಿಂಗಳೀಕಗಳಿಗಾಗಿ 2019ರಲ್ಲಿ ಘೋಷಿಸಿದ ಅಭಯಾರಣ್ಯದೊಳಗಿದೆ. ರಾಜ್ಯ ವನ್ಯಜೀವಿ ಮಂಡಳಿ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿದ ಮೇಲೂ ವಿರೋಧ ನಿಂತಿಲ್ಲ. ಬ್ಯಾಟರಿಗಳು ಅಗ್ಗವಾಗುತ್ತಿರುವ ವೇಗವನ್ನು, ಬೇಡಿಕೆಯನ್ನೇ ಹಗಲಿಗೆ ಸರಿಸುವ ಸಾಧ್ಯತೆಯನ್ನು ಇದರೊಂದಿಗೆ ತೂಗಿ ನೋಡಿದ ಲೆಕ್ಕವನ್ನು ಸಾರ್ವಜನಿಕರ ಮುಂದೆ ಇಡುವುದು, ಅಮೂಲ್ಯ ರೆಡ್ಡಿಯವರು 1987ರ ಯೋಜನೆಗೆ ಕೇಳಿದ ಪ್ರಶ್ನೆಯನ್ನು ಈ ಯೋಜನೆಗೂ ಕೇಳಿದಂತೆ. ಲಿಂಗನಮಕ್ಕಿಗಾಗಿ ಮನೆ, ಗದ್ದೆ ಬಿಟ್ಟು ಹೊರಟವರ ಮಕ್ಕಳು, ಮೊಮ್ಮಕ್ಕಳು ತಮ್ಮನ್ನು ನೆಲೆಗೊಳಿಸಿದ ಅರಣ್ಯಭೂಮಿಯ ಹಕ್ಕುಪತ್ರಕ್ಕಾಗಿ ಆರು ದಶಕಗಳ ಅನಂತರವೂ ಶಿವಮೊಗ್ಗದ ಕಚೇರಿಗಳಿಗೆ ಅಲೆಯುತ್ತಿದ್ದಾರೆ.